ಮಾರೆಮ್ಮನ ಕರಿ ನಾಲ್ಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ನಾನು ತಬಲಾ ಬಾರಿಸದ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ, ರಜೆ ಸಿಕ್ಕಾಗ ನಾಟಕದ ತಬಲಾ. ಹುಲುಗೇಶ ಸಿಟ್ಟಿನ ಮನುಷ್ಯ ಎಂದು ಜನ ಹೇಳುತ್ತಾರೆ. ಸಿಟ್ಟು ಬರದೆ ಏನು ಮಾಡೀತು? ನಮ್ಮ ಕಡೆ ಹಳ್ಳಿಯ ಹೀರೋ ಹಾಡು ಎತ್ತಿದ ಎಂದರೆ ತಾಳ ಒಂದು ದಿಕ್ಕಿಗೆ, ಅವನು ಒಂದು ದಿಕ್ಕಿಗೆ. ತಪ್ಪಿಸಿಕೊಂಡ ಕುರಿಯನ್ನು ಅಟ್ಟಿಸಿಕೊಂಡು ಹೋದಂತೆ ನಾನು ಅವನ ಹಿಂದೆ ಓಡಬೇಕು. ಓಡಿ ಹಿಡಿದು ತಂದರೆ ಶಿಳ್ಳೆ ಅವನಿಗೆ, ಬೈಗುಳ ನನಗೆ.

ಆದರೆ ಮಾರೆಮ್ಮಕ್ಕ ಹಾಡಲು ನಿಂತಳೆಂದರೆ ನನ್ನ ಸಿಟ್ಟು ಎಲ್ಲಿ ಹೋಗುತ್ತದೋ ನನಗೇ ತಿಳಿಯದು. ಅವಳ ಪಕ್ಕದಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ಇವತ್ತಿಗೂ ಅವಳು ಮೊದಲ ಸ್ವರ ಎತ್ತುವಾಗ ನನ್ನ ಮೈಮೇಲೆ ಮುಳ್ಳು ಏಳುತ್ತವೆ. ಇದನ್ನು ಅವಳ ಎದುರಿಗೆ ಎಂದೂ ಹೇಳಿಲ್ಲ. ಹೇಳಿದರೆ, ‘ತಬಲಾ ಕಡೆ ಲಕ್ಷ್ಯ ಇಡಲೇ ಮೊದ್ಲು’ ಎಂದು ಬೈಯುತ್ತಾಳೆ.

ಹೊರಗಿನವರಿಗೆ ನಮ್ಮ ಕಡೆಯ ಪದ್ಧತಿ ತಿಳಿದಿರಲಿಕ್ಕಿಲ್ಲ. ಊರಿನ ಗಂಡಸರೇ ಸೇರಿ ನಾಟಕ ಕಟ್ಟುತ್ತಾರೆ. ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಗಂಡು ಪಾತ್ರಗಳೆಲ್ಲ ಊರಿನವರವು; ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬೆಳಿಗ್ಗೆ ಬಸ್ಸಿಗೆ ಬಂದು, ಮಧ್ಯಾಹ್ನ ಒಂದು ಸಲ ಎಲ್ಲರ ಜೊತೆ ತಾಲೀಮು ಮಾಡಿ, ಸಂಜೆಗೆ ಬಣ್ಣ ಹಚ್ಚುತ್ತಾರೆ. ಬೆಳಿಗ್ಗೆ ಪರಿಚಯವಾದ ಗಂಡಸಿಗೆ ಸಂಜೆ ‘ಪ್ರಾಣನಾಥ’ ಎಂದು ಹಾಡಬೇಕು. ಆ ಪ್ರಾಣನಾಥನಿಗೋ ಕೈಕಾಲು ನಡುಗುತ್ತಿರುತ್ತವೆ, ಮೀಸೆ ಅಂಟು ಬಿಡುತ್ತಿರುತ್ತದೆ. ಅಂಥವನ ಮುಖ ನೋಡಿಕೊಂಡು ಮಾರೆಮ್ಮಕ್ಕ ಹಾಡಿದರೆ ಸಾವಿರ ಜನ ಸೆರಗು, ಟವೆಲ್ಲು ಹುಡುಕುತ್ತಿದ್ದರು. ಎಲ್ಲಿಂದ ತರುತ್ತಿದ್ದಳೋ ಆ ಪ್ರೀತಿಯನ್ನು!

ನಾನು ಮೊದಲ ಸಲ ಅವಳಿಗೆ ಸಾಥ್ ಕೊಟ್ಟದ್ದು ಹಡಗಲಿ ಕಡೆಯ ಇಟ್ಟಿಗಿಯಲ್ಲಿ. ಆಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಜಂಬ ಮಾತ್ರ ಬಂದಿತ್ತು. ಗಂಡ ಸತ್ತ ಸುದ್ದಿ ಕೇಳಿದ ಹೆಂಡತಿಯ ಹಾಡು. ಅವಳು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಗಂಡನ ಊಟದ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಾ ಹಾಡಿದಳು. ನನ್ನ ಕೈ ತಬಲಾದ ಮೇಲೆ ಇದ್ದಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿ ಪೇಟಿ ಬಾರಿಸುತ್ತಿದ್ದ ಪಾಲಯ್ಯ ಮಾಸ್ತರು ಮೊಣಕೈಯಿಂದ ತಿವಿದು, ‘ಬಾರಸಲೇ, ಆಮ್ಯಾಲೆ ಅಳುವಂತಿ’ ಎಂದರು. ನಾನು ಅಳುತ್ತಿದ್ದೇನೆ ಎಂಬುದು ನನಗೆ ಗೊತ್ತಾದದ್ದೇ ಆಗ.

ಪಾಲಯ್ಯ ಮಾಸ್ತರು ಅವಳ ಗಂಡ. ಪೇಟಿ ಎಂದರೆ ಹಾರ್ಮೋನಿಯಂ. ನಾಟಕಕ್ಕೆ ಪೇಟಿ ಮಾಸ್ತರನೇ ಗುರು, ಅವನೇ ಹಾಡು ಬರೆಯುವವನು, ಅವನೇ ಊರ ಹೀರೋಗಳನ್ನು ಬೈದು ತಿದ್ದುವವನು. ಮಾರೆಮ್ಮಕ್ಕನ ತಾಯಿ ಕೊಟ್ಟೂರಿನಲ್ಲಿ ನಾಟಕದ ಟೆಂಟಿನ ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳಂತೆ. ಹುಡುಗಿ ಒಲೆಯ ಮುಂದೆ ಕೂತು ಒಳಗಿನ ಹಾಡುಗಳನ್ನೆಲ್ಲ ಕೇಳಿ ಕೇಳಿಯೇ ಕಲಿತಳು. ಒಂದು ದಿನ ಟೆಂಟಿನ ಹೊರಗಿನಿಂದ ಯಾರೋ ಒಳಗಿನ ನಾಯಕಿಗಿಂತ ಚೆನ್ನಾಗಿ ಹಾಡುತ್ತಿದ್ದಾರೆ ಎಂದು ಪಾಲಯ್ಯ ಪೇಟಿ ಬಿಟ್ಟು ಎದ್ದು ಬಂದರು. ಮೆಣಸಿನಕಾಯಿ ಕರಿಯುತ್ತಿದ್ದ ಹುಡುಗಿ ಜಾರಾ ಸೌಟು ಎತ್ತಿ, ‘ಎಷ್ಟು ಕೊಡ್ಲ್ರಿ?’ ಎಂದಳು. ಅವತ್ತು ತಿಂದ ಮೆಣಸಿನಕಾಯಿಯ ಖಾರ ಇನ್ನೂ ಇಳಿದಿಲ್ಲ ಎಂದು ಮಾಸ್ತರು ಹೇಳುವುದು, ಅಕ್ಕ ‘ಸುಮ್ನಿರ್ರಿ, ಹುಡುಗ್ರು ಮುಂದ ಏನೇನೋ’ ಎನ್ನುವುದು ನಮಗೆಲ್ಲ ಬಾಯಿಪಾಠ.

ಮದುವೆಯಾದ ಮೇಲೂ ಅವಳು ಗಂಡನನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದಳು. ಜಗಳವಿಲ್ಲದ ದಿನವಿಲ್ಲ. ಉಪ್ಪಿಗೆ ಜಗಳ, ರಾಗಕ್ಕೆ ಜಗಳ. ಬಸ್ಸಿನ ಕಿಟಕಿ ಸೀಟಿಗೂ ಜಗಳ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಇದೆಯಲ್ಲ, ಇವರದು ಶ್ರುತಿ ಹಿಡಿಯುವ ತನಕ. ಪೇಟಿಗೆ ಗಾಳಿ ತುಂಬಿತೆಂದರೆ ಇಬ್ಬರೂ ಬೇರೆಯೇ ಮನುಷ್ಯರು.

ಇನ್ನು ಅವಳ ಪಣದ ಮಾತು ಹೇಳಬೇಕು. ಅವಳು ನಾಟಕಕ್ಕೆ ಬಂದ ಹೊಸತರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹಿರಿಯ ಕಲಾವಿದೆ ಹಾಡುವಾಗ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಜನ ಸೀಟಿ ಹೊಡೆದರು, ‘ಮನಿಗೆ ಹೋಗಬೇ ಅಜ್ಜಿ’ ಎಂದು ಕೂಗಿದರು. ಒಂದು ಕಾಲಕ್ಕೆ ಸೀಮೆಯನ್ನೆಲ್ಲ ಅಳಿಸಿದ ಹೆಂಗಸು, ಬಣ್ಣ ಸಹ ಒರೆಸದೆ ಹಿಂದಿನ ಪರದೆಯಿಂದ ಇಳಿದು ಹೋದಳು. ಅದನ್ನು ನೋಡಿದ ಮಾರೆಮ್ಮ ಎಲ್ಲರ ಎದುರಿಗೆ ಹೇಳಿದ್ದಳು: ‘ನಾನು ಹಾಡೋದು ಕರಿ ನಾಲ್ಕು. ಅದಕ್ಕಿಂತ ಒಂದು ಮನಿ ಕೆಳಗ ಇಳಿಯೋ ದಿನ ಬಂತಂದ್ರ ಅವತ್ತೇ ನಾಟಕ ಬಿಡ್ತೀನಿ. ಜನ ಬಿಡಸೋತನಕ ಕಾಯಂಗಿಲ್ಲ.’

ಪೇಟಿಯ ಒಂದೊಂದು ಕಟ್ಟಿಗೆ ಪಟ್ಟಿಗೂ ನಾವು ಮನೆ ಎನ್ನುತ್ತೇವೆ. ಬಿಳಿ ಮನೆ, ಕರಿ ಮನೆ. ಯಾವ ಮನೆಯನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುತ್ತಾರೋ ಅದೇ ಅವರ ಶ್ರುತಿ. ಕರಿ ನಾಲ್ಕು ಎಂದರೆ ಏರು ಶ್ರುತಿ, ಎಳೆಯ ಕೊರಳಿಗೇ ಕಷ್ಟ. ಅಕ್ಕ ಅದನ್ನು ಮಗು ಎತ್ತಿದಷ್ಟು ಸಲೀಸಾಗಿ ಎತ್ತುತ್ತಿದ್ದಳು. ಎತ್ತುತ್ತಿದ್ದಳು ಎಂದೆ. ವಯಸ್ಸು ಯಾರಪ್ಪನ ಮನೆಯದು?

ಒಂದು ದಿನ ಮಾಸ್ತರು ಡಿಪೋ ಗೇಟಿಗೆ ಬಂದು ನಿಂತರು. ನಾನು ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಹೋದೆ.

‘ಹುಲುಗೇಶ, ನಿನ್ನ ತಬಲಾ ಒಂದು ಮನಿ ಇಳಸಬೇಕಲೋ.’

‘ಯಾಕ್ರಿ ಮಾಸ್ತರ?’

‘ನಿನ್ನೆ ಅರಸೀಕೆರಿಯಾಗ ನೋಡಿದೇನು? ಮ್ಯಾಲಿನ ಷಡ್ಜಕ್ಕ ಹೋಗುವಾಗ ಆಕಿ ಹಿಮ್ಮಡ ಎತ್ತಿದ್ಲು. ಇಷ್ಟು ವರ್ಷದಾಗ ಹಿಮ್ಮಡ ಎತ್ತಿದಾಕಿ ಅಲ್ಲ.’

‘ಹಂಗಾರ ಹೇಳಿಬಿಡ್ರಿ. ಹೆಂಡ್ತಿ ಅದಾಳ, ಬ್ಯಾರೆ ಯಾರೂ ಅಲ್ಲಲ್ಲ.’

‘ಹೇಳಿದ್ರ ಅವತ್ತೇ ಬಿಡ್ತಾಳ. ಆಕಿ ಮಾತು ಗೊತ್ತೈತಲ್ಲ. ಆಕಿ ಬಿಟ್ಟಮ್ಯಾಲೆ ನಾನು ಯಾರ ಸಲುವಾಗಿ ಪೇಟಿ ತೆಗೀಲೋ?’

ಅವರು ಅಷ್ಟರಲ್ಲೇ ಹುಬ್ಬಳ್ಳಿಗೆ ಹೋಗಿ ಹೊಸ ಪೇಟಿ ತಂದಿದ್ದರು. ಹಳೆಯದಕ್ಕೆ ಗಾಳಿ ಸೋರುತ್ತದೆ ಎಂಬುದು ಹೆಂಡತಿಗೆ ಹೇಳಿದ ನೆಪ. ಈ ಹೊಸದರಲ್ಲಿ ಮನೆಗಳ ಸಾಲನ್ನೇ ಸ್ವಲ್ಪ ಎತ್ತಿ ಎಡಕ್ಕೋ ಬಲಕ್ಕೋ ಸರಿಸಬಹುದು. ಸರಿಸಿದರೆ ಬೆರಳು ಒತ್ತುವುದು ಅದೇ ಕರಿ ನಾಲ್ಕನ್ನು, ಕೇಳಿಸುವುದು ಅದಕ್ಕಿಂತ ಕೆಳಗಿನ ಸ್ವರ. ಸ್ಟೇಜಿನ ಮೇಲಿಂದ ನೋಡಿದವರಿಗೆ ಬೆರಳು ಕಾಣುತ್ತದೆ, ಸರಿದದ್ದು ಕಾಣುವುದಿಲ್ಲ. ಕಂಡೀತೆಂದು ಮಾಸ್ತರು ಅಂಚಿಗೆ ಒಂದು ಮಕಮಲ್ ಬಟ್ಟೆ ಹೊದಿಸಿದರು. ಆದರೆ ತಬಲಾ ಅದೇ ಸ್ವರಕ್ಕೆ ಕೂಡದಿದ್ದರೆ ಗುಟ್ಟು ರಟ್ಟು. ಅದಕ್ಕೇ ನನ್ನ ಹತ್ತಿರ ಬಂದದ್ದು. ನಾನು ದೊಡ್ಡ ಬಾಯಿಯ ತಬಲಾ ತಂದೆ. ‘ಹಳೇದು ಹರೀತಕ್ಕ’ ಎಂದು ಅಕ್ಕನಿಗೆ ಹೇಳಿದೆ.

ಆಮೇಲೆ ಕೆಲವು ವರ್ಷಕ್ಕೊಂದು ಸಲ ಮಾಸ್ತರು ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸುತ್ತಿದ್ದರು. ನಾನು ತಬಲಾದ ಶ್ರುತಿ ಇಳಿಸಲು ಸುತ್ತಿಗೆ ತೆಗೆಯುತ್ತಿದ್ದೆ. ಕರಿ ನಾಲ್ಕು ಇದ್ದದ್ದು ಬಿಳಿ ಐದಾಯಿತು, ಅಲ್ಲಿಂದ ಕರಿ ಮೂರು, ಕಡೆಗೆ ಬಿಳಿ ನಾಲ್ಕು. ಅಕ್ಕ ಮಾತ್ರ ಎಳೆಯ ಹುಡುಗಿಯರ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ನೋಡ್ರೆವಾ, ಈ ವಯಸ್ಸಿನ್ಯಾಗೂ ಕರಿ ನಾಲ್ಕು!’ ಎನ್ನುತ್ತಿದ್ದಳು. ಮಾಸ್ತರು ಪೇಟಿ ಒರೆಸುತ್ತಾ ಕೂತಿರುತ್ತಿದ್ದರು. ಹೆಂಡತಿಗೆ ಬಂಗಾರ ಮಾಡಿಸಿದ ಗಂಡಸರನ್ನು ನೋಡಿದ್ದೇನೆ, ಮನೆ ಕಟ್ಟಿಸಿದವರನ್ನೂ ನೋಡಿದ್ದೇನೆ. ಹೆಂಡತಿಯ ವಯಸ್ಸು ಅವಳ ಕಿವಿಗೇ ಬೀಳದ ಹಾಗೆ ಕಾಯ್ದವನನ್ನು ಮಾತ್ರ ಇವರೊಬ್ಬರನ್ನೇ ನೋಡಿದ್ದು. ನಾಟಕದಲ್ಲಿ ಪ್ರೀತಿಯ ಬಗ್ಗೆ ಉದ್ದುದ್ದ ಮಾತು ಬಾರಿಸುವವರನ್ನು ಕಂಡಾಗೆಲ್ಲ ನನಗೆ ಆ ಮಕಮಲ್ ಬಟ್ಟೆ ನೆನಪಾಗಿ ನಗು ಬರುತ್ತಿತ್ತು.

ಹೋದ ವರ್ಷ ಹರಪನಹಳ್ಳಿ ತಾಲೂಕಿನ ಹಲವಾಗಲಿನಲ್ಲಿ ನಾಟಕ. ಅಕ್ಕನಿಗೆ ಈಗ ಗೌಡ್ತಿಯ ಪಾತ್ರ. ಮಾಡದ ತಪ್ಪಿಗೆ ಅವಮಾನಪಟ್ಟು ಗೌಡ ಊರು ಬಿಟ್ಟು ಹೊರಡುತ್ತಾನೆ. ವಯಸ್ಸಾದ ಹೆಂಡತಿ ಹೊಸ್ತಿಲಲ್ಲಿ ನಿಂತು ಹಾಡುತ್ತಾಳೆ. ಹಾಡು ಮಾಸ್ತರೇ ಬರೆದದ್ದು. ನಾಟಕಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಮಾಸ್ತರ ಮೊಪೆಡ್ಡಿಗೆ ನಾಯಿ ಅಡ್ಡ ಬಂತು. ಬಲಗೈ ಮುಂಗೈ ಮುರಿಯಿತು, ಮೊಣಕೈವರೆಗೆ ಪ್ಲಾಸ್ಟರು. ಒಪ್ಪಿಕೊಂಡ ನಾಟಕ ಬಿಡುವ ಹಾಗಿಲ್ಲ. ನನ್ನ ಮಗಳು ಕ್ರಾಂತಿ ಹಗರಿಬೊಮ್ಮನಹಳ್ಳಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಳೆ, ಕೀಬೋರ್ಡು ಚೆನ್ನಾಗಿ ಬಾರಿಸುತ್ತಾಳೆ. ಅವಳೇ ಬರುತ್ತಾಳೆಂದು ಠರಾವಾಯಿತು.

‘ಮಗಳಿಗೆ ಹೇಳು, ಮೂರು ಮನಿ ಕೆಳಗ ಇಡಬೇಕು,’ ಎಂದು ಮಾಸ್ತರು ನನ್ನ ಕಿವಿಯಲ್ಲಿ ಹೇಳಿದರು. ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಕೊಟ್ಟೂರಿನಲ್ಲಿ ಕ್ರಾಂತಿ ಬಸ್ ಹತ್ತಿದಳೋ ಇಲ್ಲವೋ, ಅಕ್ಕ ‘ಬಾರವಾ ನನ್ನ ಬಂಗಾರಿ’ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಹರಪನಹಳ್ಳಿ ಬಂತು, ಬಸ್ಸು ಬದಲಾಯಿತು, ಮತ್ತೆ ಇಬ್ಬರೂ ಒಂದೇ ಸೀಟು. ನಾನು ಹಿಂದೆ ಕೂತು ವಾಟ್ಸಾಪಿನಲ್ಲಿ ಬರೆದೆ. ಒಂದೇ ಟಿಕ್ಕು. ಅವಳ ಫೋನು ಚಾರ್ಜಿಲ್ಲದೆ ಬ್ಯಾಗಿನಲ್ಲಿ ಮಲಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ದಾರಿಯುದ್ದಕ್ಕೂ ಅಕ್ಕನ ಬೆನ್ನು ನೋಡುತ್ತಾ ಕೂತೆ.

ಹಲವಾಗಲಿನ ಸಮುದಾಯ ಭವನದಲ್ಲಿ ತಾಲೀಮು. ಗೌಡನ ಪಾತ್ರ ಗವಿಸಿದ್ದೇಶನದು. ಅವನಿಗೆ ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ‘ಪ್ರಿಯೇ’ ಎಂದರೆ ಯೂರಿಯಾ ಚೀಲ ಇಳಿಸು ಎಂದ ಹಾಗೆ ಕೇಳಿಸುತ್ತದೆ.

‘ಅತ್ತಿ, ಯಾವ ಶ್ರುತಿ?’ ಎಂದಳು ಕ್ರಾಂತಿ.

‘ಕೇಳ್ತೀಯಲ್ಲಬೇ! ಕರಿ ನಾಲ್ಕು. ಕಣ್ಣು ಮುಚ್ಚಿ ಹಿಡಿ.’

ನಾನು ಕೆಮ್ಮಿದೆ. ಕಣ್ಣು ಹೊಡೆದೆ. ಬೆರಳಿನಿಂದ ಕೆಳಗೆ, ಕೆಳಗೆ ಎಂದು ತೋರಿಸಿದೆ.

‘ಅಪ್ಪಾ, ಕಣ್ಣಾಗ ಏನು ಬಿತ್ತು?’ ಎಂದು ನನ್ನ ಮಗಳು ಊರಿಗೆಲ್ಲ ಕೇಳುವ ಹಾಗೆ ಕೇಳಿ, ನಿಜವಾದ ಕರಿ ನಾಲ್ಕನ್ನು ಹಿಡಿದುಬಿಟ್ಟಳು. ಮಾಸ್ತರು ಕಣ್ಣು ಮುಚ್ಚಿಕೊಂಡರು.

‘ಹೊಸ್ತಿಲು ದಾಟಬ್ಯಾಡ ದೊರಿಯೇ, ಬುತ್ತಿ ಇನ್ನೂ ಕಟ್ಟಿಲ್ಲ’ ಎಂದು ಅಕ್ಕ ಎತ್ತಿದಳು. ಎತ್ತಿದ ಕೂಡಲೇ ಅವಳ ಹುಬ್ಬು ಗಂಟಾಯಿತು. ಆದರೂ ಬಿಡಲಿಲ್ಲ. ‘ಉಣಿಸಿ ಉಣಿಸಿ ಸವೆದರೂ ಕೈಯಿ, ನಿನ್ನನು ನೋಡಿ ತಣಿದಿಲ್ಲ’ ಎಂಬಲ್ಲಿ ‘ತಣಿದಿಲ್ಲ’ ಮೇಲಿನ ಷಡ್ಜಕ್ಕೆ ಹೋಗಬೇಕು. ಹೋಗಲಿಲ್ಲ. ದನಿ ಸೀಳಿತು. ಮತ್ತೊಮ್ಮೆ ಹಿಡಿದಳು, ಮತ್ತೆ ಸೀಳಿತು.

‘ಕೀಬೋರ್ಡೇ ಸರಿ ಇಲ್ಲೇನೋ ಅಕ್ಕಾರ, ಚೈನಾ ಮಾಲು,’ ಎಂದ ಗವಿಸಿದ್ದೇಶ, ಸಮಾಧಾನ ಮಾಡಲು.

‘ಬ್ಯಾಡ್ರಿ ಅಣ್ಣಾರ. ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ. ಹುಡಿಗಿ ಸರಿ ಬಾರಸ್ಯಾಳ,’ ಎಂದಳು ಅಕ್ಕ. ‘ನಿನ್ನಿ ತನಕ ಇತ್ತು, ಇವತ್ತು ಹೋತು. ಹೋಗೋದು ಹಿಂಗ ಒಂದೇ ಸಲ ಹೋಗತೈತಿ ಅಂತ ಗೊತ್ತಿರಲಿಲ್ಲ ನೋಡ್ರಿ. ಮಾತು ಅಂದ್ರ ಮಾತು. ನಾನು ಇಲ್ಲಿಗೇ ಬಿಟ್ಟೆ. ಬ್ಯಾರೆ ಯಾರನ್ನಾರ ಕರಸ್ಕಳ್ರಿ, ತಪ್ಪು ತಿಳ್ಕಾಬ್ಯಾಡ್ರಿ.’

ಅವಳು ಬ್ಯಾಗಿನ ಜಿಪ್ಪು ಎಳೆಯತೊಡಗಿದಳು. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಎರಡರಲ್ಲಿ ಯಾವುದಾದರೂ ಅವಳು ಮುಗಿದಂತೆಯೇ.

ಮಾಸ್ತರು ಎದ್ದರು. ಕೈ ಮುರಿದಿದ್ದರೂ ತಮ್ಮ ಪೇಟಿಯನ್ನು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ ಅವರು. ಎಡಗೈಯಿಂದ ಪೆಟ್ಟಿಗೆ ತೆರೆದು ಮಕಮಲ್ ಬಟ್ಟೆ ಎಳೆದು ಹಾಕಿದರು.

‘ಇವತ್ತು ಹೋಗಿದ್ದಲ್ಲ ಮಾರೆಮ್ಮ. ಇಲ್ಲಿ ನೋಡು. ಈ ಸಾಲು ಹಿಂಗ ಸರೀತೈತಿ. ನಾನು ಮೂರು ಮನಿ ಇಳಿಸೀನಿ.’

ಅವಳು ಬಗ್ಗಿ ಆ ಸಾಲು ನೋಡಿದಳು. ‘ಯಾವಾಗಿಂದ?’ ಎಂದಳು.

‘ಅರಸೀಕೆರಿಯಾಗ ನೀನು ಹಿಮ್ಮಡ ಎತ್ತಿ ಹಾಡಿದ್ದಿ ನೋಡು, ಅವತ್ತಿನಿಂದ.’

‘ಯವ್ವಾ! ಅವಾಗ ಈ ಕ್ರಾಂತಿ ಇನ್ನೂ ಸಾಲಿಗೆ ಹೋಗ್ತಿದ್ಲು!’ ಎಂದು ನನ್ನ ಕಡೆ ತಿರುಗಿದಳು. ‘ನಿನಗೂ ಗೊತ್ತಿತ್ತೇನಲೇ ಹುಲುಗ್ಯಾ? ತಬಲಾ ಹರೀತು ಅಂದ್ಯಲ್ಲ!’

ಅವಳು ಮತ್ತೆ ಮಾಸ್ತರ ಕಡೆ ತಿರುಗಿದಳು.

‘ಹಂಗಾರ ಇಷ್ಟು ವರ್ಷ ಜನ ಚಪ್ಪಾಳಿ ಹೊಡದಿದ್ದು ಯಾರಿಗ್ರಿ ಮಾಸ್ತರ? ನನಗೋ, ಈ ಪೆಟಿಗಿಗೋ?’

‘ಪೇಟಿಗೆ ಯಾರು ಹೊಡೀತಾರ? ನಾನು ಇಳಿಸಿದ್ದು ಮನಿ. ಹಾಡಿದ್ದು ನೀನು.’

ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಹೊಳೆಯ ಕಡೆ ಹೋದಳೆಂದು ಬಾಗಿಲಲ್ಲಿದ್ದವರು ಹೇಳಿದರು. ಗವಿಸಿದ್ದೇಶ ತಲೆಯ ಮೇಲೆ ಕೈ ಹೊತ್ತು ಕೂತ. ಹಿಂದೆ ಹೋಗಿ ಎಂದು ನಾನು ಮಾಸ್ತರಿಗೆ ಹೇಳಿದೆ.

‘ಬ್ಯಾಡ. ನಾನು ಹೋದ್ರ ಜಗಳ ಆಗತೈತಿ. ಜಗಳ ಆದ್ರ ಆಕಿ ದನಿ ಕೆಡತೈತಿ. ಸಂಜಿಗೆ ಹಾಡಬೇಕು.’

‘ಹಾಡ್ತಾಳಂತ ಏನು ಗ್ಯಾರಂಟಿ?’

‘ಏನೂ ಇಲ್ಲ,’ ಎಂದು ಅವರು ಪೇಟಿಯ ಪಕ್ಕದಲ್ಲೇ ಕೂತರು.

ಚಾ ಹಿಡಿದು ನಾನೇ ಹೋದೆ. ಅಕ್ಕ ತುಂಗಭದ್ರೆಯ ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ನೀರಿನಾಚೆ ಯಾರೋ ಮೋಟರು ಚಾಲು ಮಾಡಿದ್ದರು. ಬೈಯುತ್ತಾಳೆಂದು ಕುತ್ತಿಗೆ ಬಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. 

‘ಹುಲುಗೇಶ, ಅವತ್ತು ಬೊಮ್ಮನಹಳ್ಳಿಯಾಗ ಜನ ಸೀಟಿ ಹೊಡದ ಆ ಹೆಣ್ಮಗಳು. ಆಕಿಗೆ ಶ್ರುತಿ ಇಳಿಸೋರು ಒಬ್ಬರೂ ಇರಲಿಲ್ಲಲ್ಲೋ. ನಾನು ಆಕಿನ್ನ ನೋಡಿ, ದನಿ ಹೋದ್ರ ಹಿಂಗಾಗತೈತಿ ಅಂತ ತಿಳ್ಕಂಡೆ. ಹಂಗಲ್ಲ ಅದು. ನಮ್ಮ ಸಲುವಾಗಿ ಕೆಳಗ ಪೇಟಿ ಹಿಡ್ಕಂಡು ಕುಂತೋರು ಯಾರೂ ಇಲ್ಲಂದ್ರ ಹಂಗಾಗತೈತಿ.’

ಇಷ್ಟು ಹೇಳಿ ಅತ್ತಳು. ಅವಳು ನಾಟಕದ ಹೊರಗೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಚಾ ಆರುತ್ತದೆ ಎಂದೆ. ‘ಆರಲಿ ಬಿಡು. ನೀನು ಹೋಗು,’ ಎಂದಳು. ಹಾಡುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಮೈಕು ಹತ್ತಕ್ಕೇ ಬಂದ್ ಮಾಡಬೇಕಾದ್ದರಿಂದ ನಾಟಕವೂ ಸಂಜೆ ಆರಕ್ಕೇ ಶುರು. ಪರದೆ ಏಳುವ ಹೊತ್ತಿಗೆ ಅಕ್ಕ ಬಂದು ಬಣ್ಣಕ್ಕೆ ಕೂತಳು. ಮಾಸ್ತರ ಕಡೆ ನೋಡಲಿಲ್ಲ. ನಾವು ಮೂವರು ಸ್ಟೇಜಿನ ಮುಂದೆ ಕೆಳಗೆ ಕೂತೆವು: ಕೀಬೋರ್ಡಿಗೆ ಕ್ರಾಂತಿ, ತಬಲಾಕ್ಕೆ ನಾನು, ನಮ್ಮ ನಡುವೆ ಮುಚ್ಚಿದ ಪೇಟಿ ಇಟ್ಟುಕೊಂಡು ಮಾಸ್ತರು. ಕ್ರಾಂತಿ ಈ ಸಲ ಮೂರು ಮನೆ ಇಳಿಸಿ ಇಟ್ಟಿದ್ದಳು. ಅಕ್ಕ ಹಾಡುತ್ತಾಳೋ, ಬರೀ ಮಾತಿನಲ್ಲಿ ಮುಗಿಸಿ ಎದ್ದು ಹೋಗುತ್ತಾಳೋ ನಮಗೆ ಗೊತ್ತಿರಲಿಲ್ಲ.

ಗೌಡ ಊರು ಬಿಡುವ ಸೀನು ಬಂತು. ಗವಿಸಿದ್ದೇಶ ಕೋಲು ಹಿಡಿದು, ‘ಹೊರಟೆ ಪ್ರಿಯೇ!’ ಎಂದ. ಕ್ರಾಂತಿ ಶ್ರುತಿ ಕೊಟ್ಟಳು. ಅಕ್ಕ ಕೈ ಎತ್ತಿ ಸಾಕು ಎಂದು ತೋರಿಸಿದಳು. ಕ್ರಾಂತಿ ಗಾಬರಿಯಾಗಿ ನಿಲ್ಲಿಸಿದಳು. ಅಕ್ಕ ಸ್ಟೇಜಿನ ಅಂಚಿಗೆ ಬಂದು ಮೈಕಿನ ಮುಂದೆ ನಿಂತಳು.

‘ಹಲವಾಗಲದ ಹಿರೇರ, ನಾನು ಕರಿ ನಾಲ್ಕರಾಗ ಹಾಡ್ತೀನಿ ಅಂತ ಊರೂರು ಹೇಳ್ಕಂತ ಬಂದೀನಿ. ಅದರಿಂದ ಇಳಿದ್ರ ನಾಟಕ ಬಿಡ್ತೀನಿ ಅಂತನೂ ಹೇಳೀನಿ. ಇವತ್ತು ಇಳೀತೀನಿ, ಹಾಡೂ ಹಾಡ್ತೀನಿ. ಮಾತು ಮುರೀತು, ಮುರೀಲಿ. ಕೇಳೋರು ಕೇಳ್ರಿ, ಸೀಟಿ ಹೊಡಿಯೋರು ಹೊಡೀರಿ.’

ಇದೂ ನಾಟಕದ್ದೇ ಮಾತೆಂದು ಕೆಲವರು ಚಪ್ಪಾಳೆ ತಟ್ಟಿದರು. ಅವಳು ಗೌಡ್ತಿಯ ಇಳಕಲ್ ಸೀರೆಯಲ್ಲಿ ಹಾಗೆಯೇ ಅಂಚಿನ ಮೇಲೆ ಕೂತು ಕಾಲು ಕೆಳಗೆ ಬಿಟ್ಟಳು.

‘ಮಾಸ್ತರ, ಪೇಟಿ ತೆಗೀರಿ.’

ಮಾಸ್ತರು ಪ್ಲಾಸ್ಟರಿನ ಕೈ ತೋರಿಸಿದರು.

‘ಇನ್ನೊಂದು ಕೈ ಐತಲ್ಲ. ಕ್ರಾಂತಿ, ನೀನು ಗಾಳಿ ಹಾಕವಾ.’

ಪೇಟಿ ತೆರೆಯಿತು. ಅಕ್ಕ ಬಗ್ಗಿ, ಮಾಸ್ತರು ಮಧ್ಯಾಹ್ನ ತೋರಿಸಿದ ಹಾಗೆಯೇ ಮನೆಗಳ ಸಾಲನ್ನು ಎರಡೂ ಕೈಯಿಂದ ಎತ್ತಿದಳು. ಮೇಲಕ್ಕೆ ಸರಿಸುತ್ತಾಳೆ, ಹಟಕ್ಕೆ ಕರಿ ನಾಲ್ಕಕ್ಕೇ ಹೋಗುತ್ತಾಳೆ ಎಂದು ನಾನು ಹೆದರಿದೆ. ಅವಳು ಎಡಕ್ಕೆ ಸರಿಸಿದಳು. ಇನ್ನೂ ಒಂದು ಮನೆ ಕೆಳಗೆ.

‘ನೀವು ಇಳಿಸಿದ್ದು ಸಾಲಲಿಲ್ರಿ,’ ಎಂದಳು. ಮೆತ್ತಗೆ ಹೇಳಿದ್ದು, ಆದರೆ ಮೈಕು ಹಿಡಿಯಿತು. ‘ಎರಡು ವರ್ಷ ಆತು, ಮ್ಯಾಲಿನ ಷಡ್ಜಕ್ಕ ಹೋದಾಗ ಎದಿಯಾಗ ಹಿಡೀತಿತ್ತು. ನಾನು ಬಿಟ್ರ ನೀವೂ ಪೇಟಿ ಬಿಟ್ಟೀರಿ ಅಂತ ಹೇಳಿರಲಿಲ್ಲ.’

ಇಬ್ಬರೂ ಒಬ್ಬರಿಗೊಬ್ಬರು ಇಷ್ಟು ವರ್ಷ ಏನು ಮುಚ್ಚಿಟ್ಟಿದ್ದರೋ ದೇವರೇ! ನಾನು ಪಕ್ಕದಲ್ಲೇ ಕೂತಿದ್ದೆ, ನನಗೂ ತಿಳಿದಿರಲಿಲ್ಲ. ಮಾಸ್ತರ ಎಡಗೈ ಬೆರಳು ಷಡ್ಜದ ಮೇಲೆ ಇಳಿಯಿತು. ಬಿಳಿ ಮೂರು. ನನ್ನ ತಬಲಾ ಆ ಸ್ವರಕ್ಕೆ ಕೂಡುತ್ತಿರಲಿಲ್ಲ, ಸುತ್ತಿಗೆ ತೆಗೆಯುವಷ್ಟು ಹೊತ್ತೂ ಇರಲಿಲ್ಲ. ಅದನ್ನು ಪಕ್ಕಕ್ಕೆ ತಳ್ಳಿ ಎಡಗೈಯ ದಪ್ಪ ದನಿಯ ಡಗ್ಗದ ಮೇಲಷ್ಟೇ ಕೈ ಇಟ್ಟೆ.

ಅವಳು ಕೂತಲ್ಲಿಂದ ಏಳಲಿಲ್ಲ. ಕೂತೇ ಹಾಡಿದಳು. ನಾನು ಕೇಳಿದ್ದ ದನಿ ಅದಾಗಿರಲಿಲ್ಲ. ಆ ಮಿಂಚು ಇರಲಿಲ್ಲ, ಏರು ಇರಲಿಲ್ಲ. ಒಲೆಯ ಮುಂದೆ ಕೂತ ಹೆಂಗಸು ಗಂಡನಿಗೆ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಾಳಲ್ಲ, ಅಷ್ಟು ಹತ್ತಿರದ ದನಿ. ‘ಉಣಿಸಿ ಉಣಿಸಿ ಸವೆದರೂ ಕೈಯಿ’ ಎಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂತು. ‘ನಿನ್ನನು ನೋಡಿ ತಣಿದಿಲ್ಲ’ ಎಂಬಲ್ಲಿ ಅವಳು ಮೇಲಿನ ಷಡ್ಜಕ್ಕೆ ಹೋದಳು. ಹೋದದ್ದೇ ಗೊತ್ತಾಗಲಿಲ್ಲ. ಹೋಗಿ ಅಲ್ಲಿಯೇ ನಿಂತಳು. ಅಷ್ಟು ಜನ ಕೂತ ಬಯಲಿನಲ್ಲಿ ಒಂದು ಕೂಸೂ ಅಳಲಿಲ್ಲ. ಅಪ್ಪಾ, ನಾನು ಹಾಡು ಕೇಳುತ್ತಾ ಬಂದದ್ದು ಇಷ್ಟು ವರ್ಷ, ಕೇಳಿದ್ದು ಅವತ್ತು.

ಹಾಡು ಮುಗಿಯಿತು. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ, ಸೀಟಿಯೂ ಇಲ್ಲ. ಹಾಡು ಮುಗಿದ ಮೇಲೆ ಗೌಡ ಹೊರಟು ಹೋಗಬೇಕು. ಗವಿಸಿದ್ದೇಶ ಹೋಗಲೇ ಇಲ್ಲ. ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವನು, ‘ಹೋಗ್ರೀ ಗೌಡ್ರ!’ ಎಂದು ಎರಡು ಸಲ ಕೂಗಿದ. ಗವಿಸಿದ್ದೇಶ ಕೋಲು ಕೆಳಗಿಟ್ಟು, ‘ಹೆಂಗ ಹೋಗ್ಲಪ್ಪ?’ ಎಂದು ಅಲ್ಲೇ ಕೂತುಬಿಟ್ಟ. ಅವನ ಬಾಯಿಂದ ಬಂದ ಮೊದಲ ನಿಜವಾದ ಮಾತು ಅದೇ.

ನಾನು ಮಾಸ್ತರ ಕಡೆ ನೋಡಿದೆ. ಅವರ ಗಲ್ಲದ ಮೇಲಿಂದ ಕಣ್ಣೀರು ಇಳಿದು ಪೇಟಿಯ ಮನೆಗಳ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈ ಷಡ್ಜದ ಮೇಲಿತ್ತು. ಅದನ್ನು ಎತ್ತಿದರೆ ಅವಳ ಶ್ರುತಿ ನಿಲ್ಲುತ್ತದೆ ಎಂದು ಅವರು ಎತ್ತಿರಲಿಲ್ಲ. ಕ್ರಾಂತಿ ಅಳುತ್ತಲೇ ಗಾಳಿ ಹಾಕುತ್ತಿದ್ದಳು. ಅಕ್ಕ ಅಂಚಿನಿಂದ ಕೆಳಗಿಳಿದು ಬಂದು, ಹಲವಾಗಲು ಊರಿಗೆ ಊರೇ ನೋಡುತ್ತಿರುವಾಗ, ಸೆರಗಿನ ತುದಿಯಿಂದ ಗಂಡನ ಮುಖ ಒರೆಸಿದಳು. ಆಗಲೂ ಮಾಸ್ತರು ಆ ಕೈ ಎತ್ತಲಿಲ್ಲ.